ಬೆಂಕಿಪೊಟ್ಟಣದಲ್ಲಿ ಪರಾಗ

ಗೋಣಿಬೀಡು
26 ಮೇ 2024

ಗಗನಾಳಿಗೆ,

ಗಿರಿಜಾಂಬಾ ಬರೆಯುತ್ತಿರುವುದು. ಕೊನೆಯಲ್ಲಿ ಹೆಸರು ನೋಡಿ ಗಾಬರಿಯಾಗುವುದು ಬೇಡವೆಂದು ಮೊದಲೇ ಹೇಳಿದೆ. ನೀನು ಈ ಮನೆಗೆ ಸೊಸೆಯಾಗಿ ಬಂದು ಐದು ವರ್ಷ ಇದ್ದೆ, ಹೋಗಿ ನಾಲ್ಕು ವರ್ಷದ ಮೇಲಾಯಿತು. ಅಷ್ಟು ದಿನ ಹೇಗಿದ್ದೀಯಾ ಎಂದು ಕೇಳದವಳು ಈಗ ಕಾಗದ ಬರೆಯುತ್ತಿರುವುದು ಒಂದು ಗಿಡದ ವಿಷಯಕ್ಕೆ.

ಪಕ್ಕದ ಮನೆ ಸುರೇಂದ್ರ ಕಳಸದ ನರ್ಸರಿಯಿಂದ ಮೆಣಸಿನ ಸಸಿ ತಂದಿದ್ದ. ಬುಟ್ಟಿಗೆ ಕಟ್ಟಿದ ಚೀಟಿಯಲ್ಲಿ 'ಬಿಸಿಲಿಗೆ ಇಡಬೇಡಿ, ಬೇರು ಅಲುಗದಂತೆ ಇಳಿಸಿ' ಎಂದು ಬರೆದಿತ್ತು. ಮೂವತ್ತೊಂದು ವರ್ಷ ಮಕ್ಕಳ ಕಾಪಿ ತಿದ್ದಿದವಳು ನಾನು, ಅಕ್ಷರ ನಿನ್ನದೇ ಎಂದು ತಿಳಿಯಿತು. ನಿನ್ನ ಫೋನ್ ನಂಬರೂ ಸುರೇಂದ್ರನ ಹತ್ತಿರ ಇತ್ತು. ಮಾಡಲಿಲ್ಲ. ಫೋನಿನಲ್ಲಿ ನೀನು ಸುಮ್ಮನಾಗಿಬಿಟ್ಟರೆ ಮುಂದೆ ಏನು ಮಾತಾಡಬೇಕೆಂದು ನನಗೆ ತೋಚುವುದಿಲ್ಲ. ಕಾಗದವಾದರೆ, ಬೇಡವೆನಿಸಿದರೆ ಒಲೆಗೆ ಹಾಕಬಹುದು.

ನೀನು ಹಿತ್ತಲಲ್ಲಿ ನೆಟ್ಟ ಡ್ರ್ಯಾಗನ್ ಹಣ್ಣಿನ ಗಿಡ ಇನ್ನೂ ಇದೆ. ಬೇಲಿಗೆ ತಂದು ಉಳಿದ ಸಿಮೆಂಟ್ ಕಂಬ, ಅದರ ತಲೆಗೆ ನಿಮ್ಮ ಮಾವನವರ ಸ್ಕೂಟರಿನ ಹಳೇ ಟೈರು, ನೀನು ಕೂರಿಸಿದ ಹಾಗೇ ಇದೆ. ಮೂರು ತುಂಡು ನೆಟ್ಟಿದ್ದೆಯಲ್ಲ, ಮೂರೂ ಕಂಬ ಹತ್ತಿ ಟೈರಿನೊಳಗೆ ನುಗ್ಗಿ ಸುತ್ತಲೂ ಇಳಿಬಿದ್ದಿವೆ. ಕಡಿದು ಹಾಕಬೇಕೆಂದು ಎರಡು ಸಲ ಕತ್ತಿ ಹಿಡಿದು ಹೋಗಿದ್ದೆ. ಮುಳ್ಳಿಗೆ ಹೆದರಿ ವಾಪಸ್ ಬಂದೆ.

ಹೋದ ವರ್ಷ ಸಿಲ್ವರ್ ಓಕ್ ಮರದ ರೆಂಬೆ ಕಡಿಸಿದ ಮೇಲೆ ಬಿಸಿಲು ಬಿದ್ದು ಮೊದಲ ಸಲ ಹೂ ಬಂತು. ಆರು ಹೂ, ಒಂದೊಂದೂ ಅಂಗೈ ಪೂರ್ತಿ ಬಿಡಿಸಿದ್ದಕ್ಕಿಂತ ದೊಡ್ಡದು. ಕತ್ತಲಾದ ಮೇಲೆ ಬಿರಿದು ಬೆಳಗ್ಗೆಗೆ ಬಾಡುತ್ತವೆ. ಐದು ದಿನದಲ್ಲಿ ತೊಟ್ಟು ಹಳದಿಯಾಗಿ ಆರೂ ಉದುರಿದವು. ಈ ವರ್ಷ ನಾಲ್ಕು ಬಂದವು, ನಾಲ್ಕೂ ಉದುರಿದವು. ಗೊಬ್ಬರ ಹಾಕಿದೆ, ಒಲೆಯ ಬೂದಿ ಹಾಕಿದೆ. ಮೊನ್ನೆ ಬಂದವರೊಬ್ಬರು ನೋಡಿ, "ಇದು ಬಂಜೆ ಗಿಡ ಮೇಡಂ, ಯಾಕೆ ಇಟ್ಕೊಂಡಿದ್ದೀರಿ" ಅಂದರು. ಆಮೇಲೆ ನಾನು ಎರಡು ದಿನ ಹಿತ್ತಲ ಕಡೆ ಹೋಗಲಿಲ್ಲ.

ಏನು ಮಾಡಬೇಕೆಂದು ನಿನಗೆ ಗೊತ್ತಿರುತ್ತದೆ. ತಿಳಿಸಿದರೆ ಮಾಡುತ್ತೇನೆ. ತಿಳಿಸಲೇಬೇಕು ಎಂದಿಲ್ಲ.

ಇತಿ,
ಗಿರಿಜಾಂಬಾ


ಕಳಸ
11 ಜೂನ್ 2024

ಗಿರಿಜಾಂಬಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು.

ದೋಷ ಹೂವಿನದಲ್ಲ, ಗೊಬ್ಬರದ್ದೂ ಅಲ್ಲ. ನಾನು ನೆಟ್ಟದ್ದು ಕೆಂಪು ತಿರುಳಿನ ಜಾತಿ. ಅದರಲ್ಲಿ ಕೆಲವಕ್ಕೆ ತಮ್ಮದೇ ಪರಾಗ ಹಿಡಿಯುವುದಿಲ್ಲ. ಮೂರೂ ತುಂಡು ಒಂದೇ ಗಿಡದಿಂದ ತಂದದ್ದು, ಆದ್ದರಿಂದ ಒಂದರ ಪರಾಗ ಇನ್ನೊಂದಕ್ಕೂ ಆಗಿಬರುವುದಿಲ್ಲ. ಬೇರೆ ಜಾತಿಯ ಪರಾಗವನ್ನು ಹೂ ಬಿರಿದ ರಾತ್ರಿ ಅಥವಾ ಮರುದಿನ ಬಿಸಿಲೇರುವ ಮೊದಲು ಕೈಯಿಂದ ಮುಟ್ಟಿಸಬೇಕು. ಆಗ ಕಾಯಿ ಕಚ್ಚುತ್ತದೆ. ನೆಡುವಾಗ ನನಗೂ ಇದು ಗೊತ್ತಿರಲಿಲ್ಲ.

ಬೂದಿ ಹಾಕುವುದನ್ನು ನಿಲ್ಲಿಸಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಕಂಬದಿಂದ ನೆಲದವರೆಗೆ ಇಳಿದ ತುದಿಗಳನ್ನು ಚಿವುಟಿ.

ನರ್ಸರಿಯ ವಿಳಾಸಕ್ಕೆ ಬರೆಯಬೇಡಿ. ಇಲ್ಲಿ ಟಪಾಲು ಆಫೀಸಿನ ಮೇಜಿನ ಮೇಲೆ ಎಲ್ಲರ ಕೈ ದಾಟಿ ಬರುತ್ತದೆ. ಮನೆಯ ವಿಳಾಸ ಹಿಂಬದಿಯಲ್ಲಿದೆ.

ಗಗನಾ


ಗೋಣಿಬೀಡು
23 ಜೂನ್ 2024

ಗಗನಾಳಿಗೆ ಆಶೀರ್ವಾದಗಳು.

ನೀನು ಹೇಳಿದ ಹಾಗೆ ಬುಡದ ಸುತ್ತ ಚರಂಡಿ ತೋಡಿಸಿದೆ, ತುದಿ ಚಿವುಟಿದೆ. ಈಗ ಏಳು ಹೊಸ ಮೊಗ್ಗು ಬಂದಿವೆ, ಕಡಲೆ ಕಾಳಿನಷ್ಟಿವೆ. ಬೇರೆ ಜಾತಿಯ ಗಿಡ ಈ ಸುತ್ತಿನಲ್ಲಿ ಯಾರ ಮನೆಯಲ್ಲೂ ಇಲ್ಲ. ಸುರೇಂದ್ರ ಮೂಡಿಗೆರೆಯಲ್ಲೆಲ್ಲ ವಿಚಾರಿಸಿದ. ಈ ಏಳೂ ಹೋಗುತ್ತವೆ ಎಂದು ಗೊತ್ತಿದ್ದೂ ದಿನಾ ಬೆಳಗ್ಗೆ ಎಣಿಸುತ್ತೇನೆ.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಪೆನ್ನು ಇಟ್ಟಿದ್ದೆ.

ಹೋದ ವಾರ ಆಲ್ದೂರಿನಲ್ಲಿ ನನ್ನ ತಂಗಿಯ ಸೊಸೆಗೆ ಸೀಮಂತ. ನಮ್ಮ ಮೋಹಿತ್ ಹಾಸನದ ಟ್ರ್ಯಾಕ್ಟರ್ ಶೋರೂಮಿಗೆ ರಜೆ ಹಾಕಿ ಸೌಂದರ್ಯಳನ್ನು ಕರೆದುಕೊಂಡು ಬಂದಿದ್ದ. ನೀನು ಹೋದ ಮೇಲೆ ಅವನಿಗೆ ಅವಳನ್ನು ಮದುವೆ ಮಾಡಿ ಎರಡೂವರೆ ವರ್ಷ. ಬಳೆ ತೊಡಿಸಲು ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಕರೆದರು. ಸೌಂದರ್ಯ ತಾನೇ ಎದ್ದು ಹೋಗಿ ಬಳೆಯ ತಟ್ಟೆಗೆ ಕೈ ಹಾಕಿದಳು. ಯಾರೋ, "ನೀನು ಕೂತ್ಕೊಳಮ್ಮ, ಮಕ್ಕಳಾದೋರು ತೊಡಿಸಲಿ" ಅಂದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಬಂದು ನನ್ನ ಪಕ್ಕ ಕೂತಳು. ಊಟದವರೆಗೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ.

ನನಗೆ ಆಗ ಕಾಣಿಸಿದ್ದು ಅವಳಲ್ಲ.

ಇತಿ,
ಗಿರಿಜಾಂಬಾ


ಕಳಸ
9 ಜುಲೈ 2024

ಗಿರಿಜಾಂಬಾ ಮೇಡಂ ಅವರಿಗೆ,

ಈ ಪತ್ರದ ಜೊತೆ ಒಂದು ಬೆಂಕಿಪೊಟ್ಟಣವಿದೆ. ಅದರೊಳಗೆ ಕಾಗದದಲ್ಲಿ ಮಡಿಸಿರುವ ಹಳದಿ ಪುಡಿ ಪರಾಗ. ನರ್ಸರಿಯ ಹಿಂದಿನ ಗೋಡೆಗೆ ನಾನೇ ಹಬ್ಬಿಸಿದ ಬಿಳಿ ತಿರುಳಿನ ಗಿಡದ್ದು. ಇವತ್ತು ಬೆಳಗಿನ ಜಾವ ಕೊಡವಿ ತೆಗೆದು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ತೆಗೆದುಕೊಳ್ಳಲು ಸುರೇಂದ್ರ ಅವರಿಗೆ ಫೋನ್ ಮಾಡಿದ್ದೇನೆ.

ಹೊಸ ಚಪ್ಪಲಿಯ ಡಬ್ಬಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಬರುತ್ತದಲ್ಲ, ಅದರ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ಒಂದು ವಾರ ತಡೆಯುತ್ತದೆ. ಹೂ ಬಿರಿದ ಮೇಲೆ ನಡುವಿನ ದಪ್ಪ ದಂಟಿನ ತುದಿ ನಕ್ಷತ್ರದ ಹಾಗೆ ಬಿಡಿಸಿಕೊಂಡಿರುತ್ತದೆ. ಬಣ್ಣದ ಬ್ರಷ್ಷಿನಿಂದ ಪುಡಿಯನ್ನು ಅದಕ್ಕೆ ಸವರಿ. ಮಳೆ ನೀರು ತಾಗಿದರೆ ಪರಾಗ ಕೆಡುತ್ತದೆ, ಮೊಗ್ಗಿಗೆ ಮೊದಲೇ ಪ್ಲಾಸ್ಟಿಕ್ ಕೊಪ್ಪೆ ಕಟ್ಟಿ.

ಇಷ್ಟು ಗಿಡಕ್ಕೆ.

ಸೌಂದರ್ಯ ಅವರ ವಿಷಯ ನನಗೆ ಬರೆಯಬೇಡಿ ಎಂದು ಬರೆಯಲು ಕೂತೆ, ಬರೆದದ್ದು ಬೇರೆ. ಮಂಗಳೂರಿನ ಡಾಕ್ಟರ ರಿಪೋರ್ಟು ನಿಮ್ಮ ಬೀರುವಿನಲ್ಲಿ, ಪೆನ್ಷನ್ ಕಾಗದಗಳ ಕೆಳಗೆ ಇತ್ತು. ಮೋಹಿತ್ ಅಲ್ಲಿಟ್ಟಿದ್ದರು. ನನ್ನಲ್ಲಿ ಏನೂ ತೊಂದರೆಯಿಲ್ಲ, ಚಿಕಿತ್ಸೆ ಬೇಕಿರುವುದು ಅವರಿಗೆ ಎಂದು ಅದರಲ್ಲಿ ಬರೆದಿತ್ತು. ನೀವು ಅದನ್ನು ಕಿಟಕಿ ಹತ್ತಿರ ನಿಂತು ಓದಿದ್ದನ್ನು ನಾನು ಅಡುಗೆಮನೆಯಿಂದ ನೋಡಿದ್ದೆ. ಕನ್ನಡಕ ತೆಗೆದು ಒರೆಸಿಕೊಂಡು ಎರಡನೇ ಸಲ ಓದಿದಿರಿ. ಅದಾಗಿ ಹದಿನೈದು ದಿನಕ್ಕೆ ಮೂಡಿಗೆರೆಯ ಗೃಹಪ್ರವೇಶದಲ್ಲಿ, ಇಪ್ಪತ್ತು ಜನ ಹೆಂಗಸರ ಮಧ್ಯೆ ನೀವು ಏನು ಹೇಳಿದಿರಿ ಎಂದು ನಿಮಗೆ ನೆನಪಿದೆಯೋ ಇಲ್ಲವೋ. ನಾನು ಬಾಗಿಲ ಹಿಂದೆ ಲೋಟ ಜೋಡಿಸುತ್ತಿದ್ದೆ.

ಉತ್ತರ ಬೇಕೆಂದು ಬರೆದದ್ದಲ್ಲ. ಬರೆಯದೆ ಪರಾಗ ಮಾತ್ರ ಕಳಿಸಲು ಆಗಲಿಲ್ಲ.

ಗಗನಾ


ಗೋಣಿಬೀಡು
17 ಜುಲೈ 2024

ಗಗನಾ,

ಮೊದಲು ಗಿಡದ ಮಾತು ಮುಗಿಸುತ್ತೇನೆ. ಹದಿನಾಲ್ಕಕ್ಕೆ ಐದು ಹೂ ಬಿರಿದವು. ಎರಡು ಮೊಗ್ಗು ಮೊದಲೇ ಪುನರ್ವಸು ಮಳೆಗೆ ಸಿಕ್ಕಿ ಕೊಳೆತಿದ್ದವು. ಎಂಟೂವರೆಗೆ ಟಾರ್ಚನ್ನು ಟೈರಿಗೆ ಕಟ್ಟಿ, ಸ್ಟೂಲಿನ ಮೇಲೆ ನಿಂತೆ. ಸುರೇಂದ್ರನ ಹೆಂಡತಿ ಕೊಡೆ ಹಿಡಿದಿದ್ದಳು. ಮೂರು ಹೂವಿಗೆ ಸರಿಯಾಗಿ ಸವರಿದೆ. ನಾಲ್ಕನೆಯದಕ್ಕೆ ಬರುವಾಗ ಗಾಳಿ ಬೀಸಿ ಕೊಡೆ ಮಗುಚಿತು, ಕೈಲಿದ್ದ ಕಾಗದ ಒದ್ದೆಯಾಗಿ ಪುಡಿ ಮುದ್ದೆಯಾಯಿತು. ಆ ಹೂಗಳ ಬಿಳಿಯನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಒಳಗೆ ಬಂದಾಗ ಸೀರೆ ಪೂರಾ ನೆನೆದಿತ್ತು.

ಈಗ ನಿನ್ನ ಮಾತು.

ನೆನಪಿದೆ. "ನಮ್ಮ ಸೊಸೆಗೆ ಮಕ್ಕಳಾಗೋ ಹಾಗಿಲ್ಲವಂತೆ, ಡಾಕ್ಟ್ರೇ ಹೇಳಿದ್ದಾರೆ." ಇಷ್ಟು ಹೇಳಿದೆ. ಕೇಳಿದವರು ಪಾಪ ಅಂದರು. ನಾನು ಲಾಡು ಮುರಿದು ಬಾಯಿಗೆ ಹಾಕಿಕೊಂಡೆ.

ರಿಪೋರ್ಟು ಓದಿದ್ದೂ ನಿಜ. ಎರಡು ಸಲ ಓದಿದ್ದೂ ನಿಜ. ಓದಿ ಮಡಿಸಿ ಅದೇ ಜಾಗದಲ್ಲಿಟ್ಟೆ. ಮೋಹಿತನಿಗೆ ನಾನು ಓದಿದೆ ಎಂದು ಹೇಳಲಿಲ್ಲ, ಅವನೂ ಹೇಳಲಿಲ್ಲ. ಗಂಡಸಿನ ಮೇಲೆ ಆ ಮಾತು ಬಂದರೆ ಅವನು ತಲೆಯೆತ್ತಿ ಓಡಾಡಲಾರ, ಹೆಣ್ಣಿನ ಮೇಲಾದರೆ ಹೇಗೋ ಸಹಿಸಿಕೊಳ್ಳುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದ್ದೆ. ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ನೀನು ಎರಡು ಬ್ಯಾಗು ಹಿಡಿದು ಹೊರಟ ದಿನ ನಾನು ದೇವರ ಮನೆಯಿಂದ ಹೊರಗೆ ಬರಲಿಲ್ಲ. ಪೂಜೆಯೇನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದೆ.

ಕ್ಷಮಿಸು ಎಂದು ಬರೆಯಲು ಸುಲಭ. ನೀನು ಅದನ್ನು ಏನು ಮಾಡಿಕೊಳ್ಳುತ್ತೀಯಾ ಎಂದು ಯೋಚಿಸಿ ಬರೆದಿಲ್ಲ.

ಗಿರಿಜಾಂಬಾ


ಕಳಸ
22 ಆಗಸ್ಟ್ 2024

ಮೇಡಂ,

ನಿಮ್ಮ ಪತ್ರ ತಲುಪಿ ಒಂದು ತಿಂಗಳಾಯಿತು. ಎರಡು ಸಲ ಉತ್ತರ ಬರೆದು ಹರಿದೆ. ಒಂದರಲ್ಲಿ ಬೈದಿದ್ದೆ, ಒಂದರಲ್ಲಿ ಪರವಾಗಿಲ್ಲ ಎಂದಿದ್ದೆ. ಎರಡೂ ನಿಜವಲ್ಲ.

ಇಲ್ಲಿಯ ಒಂದು ವಿಷಯ ತಿಳಿಸುತ್ತೇನೆ. ರುದ್ರೇಶ್ ಎಂದು ಒಬ್ಬರಿದ್ದಾರೆ. ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಸಸಿ ತೆಗೆದುಕೊಳ್ಳಲು ನರ್ಸರಿಗೆ ಬರುತ್ತಾ ಎರಡು ವರ್ಷದಿಂದ ಪರಿಚಯ. ಕಡಿಮೆ ಮಾತಿನವರು. ಮದುವೆಯಾಗಿಲ್ಲ. ಜೂನ್ ಕೊನೆಯಲ್ಲಿ, "ನಿಮಗೆ ಒಪ್ಪಿಗೆಯಾದ್ರೆ ಅಮ್ಮನಿಗೆ ಹೇಳ್ತೀನಿ" ಅಂದರು. ನಾನು ಒಂದು ವಾರ ಯೋಚಿಸಿ ಹೂಂ ಅಂದೆ. ನನಗೆ ಎಷ್ಟು ಸಂತೋಷವಾಗಿತ್ತು ಎಂದು ನಿಮಗೆ ಹೇಳುವುದು ವಿಚಿತ್ರ, ಆದರೂ ಹೇಳುತ್ತೇನೆ. ಆ ವಾರವೇ ನಿಮಗೆ ಪರಾಗ ಕಳಿಸಿದ್ದು.

ಅವರ ತಾಯಿ ಶಂಕರಮ್ಮ ಎರಡನೇ ಮದುವೆ ಎಂದು ಬೇಡ ಅನ್ನಲಿಲ್ಲ. ಆದರೆ ಮೂಡಿಗೆರೆಯಲ್ಲಿ ಅವರ ಅಕ್ಕನ ಮಗಳಿದ್ದಾಳೆ. ಅವಳು ಆ ಗೃಹಪ್ರವೇಶಕ್ಕೆ ಬಂದಿದ್ದಳಂತೆ. "ಆ ಹುಡುಗಿಗೆ ಮಕ್ಕಳಾಗಲ್ಲ, ಅತ್ತೆಯೇ ಹೇಳಿದ್ದನ್ನ ನಾನು ಕಿವಿಯಾರೆ ಕೇಳಿದ್ದೀನಿ" ಅಂದಳಂತೆ. ಶಂಕರಮ್ಮನವರಿಗೆ ಒಬ್ಬನೇ ಮಗ. ಅವರು ಊಟ ಬಿಟ್ಟು ಮಲಗಿದರು. ಮಾತು ಅಲ್ಲಿಗೆ ನಿಂತಿದೆ.

ನಾನು ರಿಪೋರ್ಟಿನ ವಿಷಯ ಯಾರಿಗೂ ಹೇಳಿಲ್ಲ, ರುದ್ರೇಶ್ ಅವರಿಗೂ. ಮೋಹಿತ್ ಮೇಲಿನ ಕನಿಕರದಿಂದಲ್ಲ. ಅತ್ತೆಯೇ ಹೇಳಿದ ಮೇಲೆ ಸೊಸೆಯ ಮಾತನ್ನು ಯಾರು ನಂಬುತ್ತಾರೆ? ನಿಮ್ಮಿಂದ ಏನೂ ಕೇಳುತ್ತಿಲ್ಲ. ನೀವು ಹೇಳಿದ ಮಾತು ಎಲ್ಲಿಯವರೆಗೆ ಬಂತು ಎಂದು ನಿಮಗೆ ತಿಳಿದಿರಲಿ ಎಂದಷ್ಟೇ.

ಕಾಯಿ ಕಚ್ಚಿತೇ?

ಗಗನಾ


ಗೋಣಿಬೀಡು
26 ಆಗಸ್ಟ್ 2024

ಗಗನಾ,

ಕಚ್ಚಿತು. ಸವರಿದ ಮೂರೂ ನಿಂತವು, ಸವರದ ಎರಡೂ ಉದುರಿದವು. ಒಂದನ್ನು ಕೆಂಪಾಗುವ ಹೊತ್ತಿಗೆ ಪಿಕಳಾರ ಹಕ್ಕಿ ತೂತು ಮಾಡಿತು. ಉಳಿದ ಎರಡಕ್ಕೆ ಹಳೇ ಸೊಳ್ಳೆಪರದೆಯ ಚೀಲ ಹೊಲಿದು ಹಾಕಿದೆ. ಶನಿವಾರ ಮಳೆ ಬಿಟ್ಟು ಹೊಳವಾಗಿತ್ತು. ಸಿಪ್ಪೆಯ ಮೇಲಿನ ಹಸಿರು ಎಸಳುಗಳ ತುದಿ ಒಣಗುತ್ತಿತ್ತು. ಕಾಫಿ ಗಿಡ ಸವರುವ ಕತ್ತರಿಯಿಂದ ತೊಟ್ಟಿನ ಸಮೇತ ಕೊಯ್ದೆ. ಕೈಯಲ್ಲಿ ಹಿಡಿದರೆ ತಣ್ಣಗೆ, ಭಾರವಾಗಿ ಇತ್ತು.

ಅದೇ ದಿನ ನಿನ್ನ ಪತ್ರ ಬಂತು.

ಭಾನುವಾರ ಮೋಹಿತ್, ಸೌಂದರ್ಯ ಬಂದಿದ್ದರು. ಊಟ ಆದ ಮೇಲೆ ಒಂದು ಹಣ್ಣು ಕೊಯ್ದು ಇಬ್ಬರ ಮುಂದೆ ಇಟ್ಟೆ. ಒಳಗೆಲ್ಲ ಬೀಟ್‌ರೂಟಿನ ಹಾಗೆ ಕೆಂಪು. ಸೌಂದರ್ಯ ಎರಡು ಹೋಳು ತಿಂದು, "ಅತ್ತೆ, ಇದು ನಿಮ್ಮ ಹಿತ್ತಲದ್ದಾ? ಹೋದ ವರ್ಷ ಬರೀ ಉದುರ್ತಿತ್ತಲ್ಲ?" ಅಂದಳು. ಪರಾಗ ಎಲ್ಲಿಂದ ಬಂತೆಂದು ಹೇಳಿದೆ. ನಿನ್ನ ಹೆಸರು ಬಂದ ಕೂಡಲೇ ಮೋಹಿತ್ ತಟ್ಟೆ ಸರಿಸಿದ. ನಾನು ಎದ್ದು ಹೋಗಿ ಬೀರುವಿನಿಂದ ರಿಪೋರ್ಟು ತಂದು ಮೇಜಿನ ಮೇಲೆ ಇಟ್ಟೆ. ಐದು ವರ್ಷದಲ್ಲಿ ಮಡಿಕೆ ಹಳದಿಯಾಗಿತ್ತು.

"ಅಮ್ಮ, ಇದು ಈಗ ಯಾಕೆ?" ಅಂದ.

"ಆಗ ತೆಗೀಬೇಕಿತ್ತು. ನೀನೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ. ಈಗ ಈ ಹುಡುಗಿ ಬಳೆ ತಟ್ಟೆಯಿಂದ ಕೈ ಹಿಂದಕ್ಕೆ ತಗೊಂಡು ಬರ್ತಿದ್ದಾಳೆ."

ಸೌಂದರ್ಯ ಓದಿದಳು. ಅಳಲಿಲ್ಲ, ಕೂಗಾಡಲಿಲ್ಲ. "ಇದಕ್ಕೆ ಔಷಧಿ ಇದೆ ಅಂತ ಬರೆದಿದ್ದಾರಲ್ಲ ರೀ" ಅಂದಳು ಅವನನ್ನು ನೋಡಿ. ಅಷ್ಟೇ. ಅವನು ಕಾರಿನ ಕೀ ತೆಗೆದುಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವಳೂ ಹೋದಳು. ಹೋಗುವಾಗ ನನ್ನ ಕೈ ಹಿಡಿದಳು.

ಇನ್ನೊಂದು ಹಣ್ಣು ಇದೆ.

ಗಿರಿಜಾಂಬಾ


ಕಳಸ
5 ಸೆಪ್ಟೆಂಬರ್ 2024

ಮೇಡಂ,

ನೀವು ಕಳಸಕ್ಕೆ ಬಂದಿದ್ದಿರಿ. ನನ್ನನ್ನು ನೋಡದೆ, ಒಂದು ಮಾತು ಕೇಳದೆ, ನೇರ ಶಂಕರಮ್ಮನವರ ಮನೆಗೆ ಹೋಗಿ ಬಂದಿರಿ. ನನಗೆ ತಿಳಿದದ್ದು ಸಂಜೆ, ರುದ್ರೇಶ್ ನೀವು ಬಿಟ್ಟುಹೋದ ಹಣ್ಣು ಹಿಡಿದುಕೊಂಡು ಬಂದಾಗ.

ಅವರು ನಗುತ್ತಾ ಬಂದಿದ್ದರು. "ಅಮ್ಮ ಒಪ್ಪಿದ್ರು. ನಿಮ್ಮಲ್ಲಿ ಏನೂ ದೋಷ ಇಲ್ಲ ಅಂತ ಗೊತ್ತಾಯ್ತಲ್ಲ" ಅಂದರು. ಅವರು ಕೆಟ್ಟವರಲ್ಲ. ಖುಷಿಯಲ್ಲಿ ಆ ಮಾತು ಬಂತು. ಆದರೆ ದೋಷ ಇದ್ದಿದ್ದರೆ? ಮೊದಲು ನೀವು ಇಪ್ಪತ್ತು ಜನರ ಮುಂದೆ ನನ್ನ ಹೊಟ್ಟೆಯ ವಿಷಯ ಮಾತಾಡಿದಿರಿ, ಈಗ ಅದೇ ಹೊಟ್ಟೆಗೆ ಸರ್ಟಿಫಿಕೇಟು ಕೊಟ್ಟು ಹೋದಿರಿ. ಎರಡು ಸಲವೂ ನಾನು ಬಾಗಿಲ ಹಿಂದೆಯೇ.

ರುದ್ರೇಶ್ ಅವರಿಗೆ ಹೇಳಿದೆ, ಸರ್ಟಿಫಿಕೇಟು ನೋಡಿ ಒಪ್ಪಿದ ಮನೆಗೆ ನಾನು ಬರುವುದಿಲ್ಲ ಎಂದು. "ನಾನು ಕೇಳಿದ್ದು ನಿಮ್ಮನ್ನ. ಆ ವಿಷಯ ನನಗೆ ಮುಖ್ಯ ಆಗಿರಲಿಲ್ಲ. ಬಾಯಿ ತಪ್ಪಿ ಹಾಗೆ ಅಂದೆ" ಅಂದು ಹೋದರು.

ಹಣ್ಣು ಕೊಯ್ಯದೆ ಫ್ರಿಜ್ಜಿನಲ್ಲೇ ಇದೆ.

ಗಗನಾ


ಗೋಣಿಬೀಡು
14 ಸೆಪ್ಟೆಂಬರ್ 2024

ಗಗನಾ,

ನಿನ್ನನ್ನು ಕೇಳದೆ ಹೋದದ್ದು ತಪ್ಪು. ನಿನ್ನ ವಿಷಯವನ್ನು ನಿನ್ನ ಬೆನ್ನ ಹಿಂದೆ ಮಾತಾಡಿದ್ದು ಇದು ಎರಡನೇ ಸಲ ಎಂದು ನೀನು ಬರೆದ ಮೇಲೆ ನನಗೆ ಹೊಳೆಯಿತು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಆಗ ನನಗೆ ಹೋಗದಿರಲು ಒಂದು ನೆಪ ಸಿಗುತ್ತಿತ್ತು. ಅದಕ್ಕೆ ಹೆದರಿ ಕೇಳಲಿಲ್ಲ.

ಆದರೆ ಅಲ್ಲಿ ನಾನು ಹೇಳಿದ್ದು ಏನೆಂದು ನನ್ನ ಬಾಯಿಂದಲೇ ನಿನಗೆ ತಿಳಿಯಲಿ.

ಶಂಕರಮ್ಮನವರು ಜಗಲಿಯಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು. ಯಾರೆಂದು ಕೇಳಿದರು. "ಗೋಣಿಬೀಡಿನ ಗಿರಿಜಾಂಬಾ, ಗಗನಾಳ ಮೊದಲಿನ ಅತ್ತೆ" ಅಂದೆ. ಕಾಫಿಗೆ ನೀರಿಡಲು ಎದ್ದವರು ಮತ್ತೆ ಕೂತುಬಿಟ್ಟರು.

"ನಾನು ಗೃಹಪ್ರವೇಶದಲ್ಲಿ ಒಂದು ಮಾತು ಹೇಳಿದ್ದೆ. ಅದು ನಿಮ್ಮನೆಗೂ ಬಂದಿದೆಯಂತೆ. ಅದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದು."

"ಯಾಕೆ ಹೇಳಿದ್ರಿ?"

"ನನ್ನ ಮಗನನ್ನ ಉಳಿಸ್ಕೊಳ್ಳೋಕೆ."

ಅವರು ಎಲೆ ಕೆಳಗಿಟ್ಟರು. "ಈಗ ಅವನ ಮರ್ಯಾದೆ ತೆಗೀತಿದ್ದೀರಲ್ಲ?"

"ಅವನಿಗೆ ಎದುರಿಗೇ ಹೇಳಿಯಾಗಿದೆ. ಈಗ ಅವನು ನನ್ನ ಹತ್ತಿರ ಮಾತಾಡ್ತಿಲ್ಲ."

ಅವರು ಮತ್ತೆ ಎಲೆ ಕೈಗೆತ್ತಿಕೊಂಡರು. ಆಮೇಲೆ ಅವರು ಕೇಳಿದರು. "ಹಾಗಾದ್ರೆ ಅವಳಿಗೆ ಮಕ್ಕಳಾಗುತ್ತೆ ಅನ್ನಿ."

"ಅದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನಾನು ಅದನ್ನ ಹೇಳೋಕೆ ಬಂದಿಲ್ಲ. ಐದು ವರ್ಷ ನನ್ನ ಜೊತೆ ಇದ್ದಳು. ನನಗೆ ಟೈಫಾಯಿಡ್ ಆದಾಗ ಇಪ್ಪತ್ತು ದಿನ ಗಂಜಿ ಕುಡಿಸಿದಳು. ಒಂದು ದಿನಾನೂ ನನಗೆ ಎದುರು ಮಾತಾಡಲಿಲ್ಲ, ನನ್ನ ಮುಂದೆ ಸುಳ್ಳು ಹೇಳಲಿಲ್ಲ. ಅಂಥವಳ ಮೇಲೆ ನಾನು ಸುಳ್ಳು ಹೇಳಿದೆ. ಇಷ್ಟು ತಿಳಿಸೋಕೆ ಬಂದೆ."

ಇಷ್ಟೇ ನಾನು ಹೇಳಿದ್ದು. ಉಳಿದದ್ದು ಅವರು ಕೇಳಿಸಿಕೊಂಡದ್ದು. ಕಾಫಿ ಕೊಟ್ಟರು, ಕುಡಿದೆ. ನಿನ್ನ ಮನೆಯ ದಾರಿ ಕೇಳಿದೆ, ತೋರಿಸಿದರು. ತಿರುವಿನವರೆಗೆ ಬಂದೆ. ಅಲ್ಲಿಂದಲೇ ವಾಪಸ್ ಹೋಗಿ ಹಣ್ಣನ್ನು ಅವರ ಕೈಯಲ್ಲೇ ಕೊಟ್ಟು ಬಸ್ಸು ಹತ್ತಿದೆ.

ನೀನು ಆ ಮನೆಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಅದು ನಿನ್ನದು. ಆ ಹುಡುಗನ ಮೇಲೆ ಮಾತ್ರ ನನ್ನ ತಪ್ಪಿನ ಸಿಟ್ಟು ತೀರಿಸಬೇಡ.

ಗಿರಿಜಾಂಬಾ


ಕಳಸ
3 ನವೆಂಬರ್ 2024

ಅತ್ತೆಯವರಿಗೆ,

ದೀಪಾವಳಿ ಮುಗಿಯಿತು. ನರ್ಸರಿಗೆ ರಜೆ. ನಿಧಾನವಾಗಿ ಬರೆಯಲು ಸಮಯ ಸಿಕ್ಕಿದೆ.

ನಿಮ್ಮ ಪತ್ರ ಬಂದ ಮೇಲೆ ಆ ಹಣ್ಣು ಕೊಯ್ದೆ. ಸಿಪ್ಪೆ ಬಾಡಿತ್ತು, ಒಳಗೆ ಚೆನ್ನಾಗಿಯೇ ಇತ್ತು. ಅಂಗಡಿಯದಕ್ಕಿಂತ ಸಿಹಿ. ಅರ್ಧ ತಿಂದು ಅರ್ಧ ಡಬ್ಬಿಯಲ್ಲಿ ಹಾಕಿ ರುದ್ರೇಶ್ ಅವರಿಗೆ ಕೊಟ್ಟೆ. ಆದರೆ ಮದುವೆಯ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಅಕ್ಟೋಬರ್ ಮೊದಲ ವಾರ ಶಂಕರಮ್ಮನವರೇ ನರ್ಸರಿಗೆ ಬಂದರು. ಮೆಣಸಿನ ಸಸಿ ಬೇಕು ಅಂದರು. ತೋರಿಸಿದೆ. ಹತ್ತು ಸಸಿ ಆರಿಸಿ, ಬದಲಾಯಿಸಿ, ಮತ್ತೆ ಆರಿಸಿದರು. ಕೊನೆಗೆ ಮಣ್ಣು ತುಂಬುವ ಶೆಡ್ಡಿನಲ್ಲಿ ಮಗುಚಿಟ್ಟ ಬುಟ್ಟಿಯ ಮೇಲೆ ಕೂತರು.

"ನನಗೆ ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ" ಅಂದರು. "ಒಂಬತ್ತು ವರ್ಷ ನಮ್ಮತ್ತೆ ನನ್ನ ಕೈಯಿಂದ ಸಸಿ ನೆಡಿಸಲಿಲ್ಲ, ಒಣಗುತ್ತೆ ಅಂತ. ಆಮೇಲೆ ರುದ್ರೇಶ ಹುಟ್ಟಿದ. ಹುಟ್ಟಿದ ಮೇಲೆ ಅದೆಲ್ಲ ನಾನು ಮರೆತುಬಿಟ್ಟೆ ಮಾರಾಯ್ತಿ. ನಿಮ್ಮತ್ತೆ ಬಂದು ಹೋದ ಮೇಲೂ ನೆನಪಾಗಲಿಲ್ಲ. ದೋಷ ಇಲ್ಲವಲ್ಲ ಅಂತ ಸಮಾಧಾನ ಆಯ್ತು, ಅಷ್ಟೇ. ನೀನು ಬರಲ್ಲ ಅಂದ್ಯಂತೆ. ಯಾಕೆ ಅಂತ ರುದ್ರೇಶ ಹೇಳಿದ. ಅವತ್ತಿಂದ ನಿದ್ದೆ ಬರ್ತಿಲ್ಲ."

ಅವರು ಆರಿಸಿದ ಸಸಿಗಳನ್ನು ನಾನು ಬುಟ್ಟಿಗೆ ಜೋಡಿಸುತ್ತಿದ್ದೆ.

"ಮಕ್ಕಳಾದ್ರೆ ಆಯ್ತು, ಆಗದಿದ್ರೆ ಬಿಡ್ತು. ನಾನು ಆ ಮಾತು ಎತ್ತಲ್ಲ. ಬರ್ತೀಯೋ ಇಲ್ವೋ ನಿಧಾನಕ್ಕೆ ಹೇಳು. ಅಲ್ಲಿವರೆಗೆ ಈ ಸಸಿಗಳನ್ನ ನೆಡೋಕೆ ನಮ್ಮ ತೋಟಕ್ಕಾದ್ರೂ ಬಾ. ನನಗೆ ಈಗ ಬಗ್ಗೋಕೆ ಆಗಲ್ಲ."

ಭಾನುವಾರ ಹೋದೆ. ಮೂವರೂ ಸೇರಿ ನೆಟ್ಟೆವು. ಮಧ್ಯಾಹ್ನ ಅಲ್ಲೇ ಊಟ. ಸಂಜೆ ರುದ್ರೇಶ್ ನನ್ನನ್ನು ಬಿಡಲು ಬಂದಾಗ ದಾರಿಯಲ್ಲಿ ನಾನೇ ಕೇಳಿದೆ, "ಇನ್ನೊಂದು ಸಲ ಕೇಳ್ತೀರಾ?" ಎಂದು. ಅವರು ಕೇಳಿದರು.

ಮೂಡಿಗೆರೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಮೂವತ್ತು ದಿನದ ನೋಟಿಸ್ ಕೊಟ್ಟಿದ್ದೇವೆ. ಡಿಸೆಂಬರ್ ಒಂಬತ್ತಕ್ಕೆ ಮದುವೆ. ಛತ್ರ, ವಾಲಗ ಏನೂ ಇಲ್ಲ. ಸಾಕ್ಷಿಗೆ ಮೂರು ಜನ ಬೇಕು. ರುದ್ರೇಶ್ ಅವರ ಕಡೆ ಇಬ್ಬರಿದ್ದಾರೆ. ನನಗೆ ಅಪ್ಪ ಅಮ್ಮ ಇಲ್ಲವೆಂದು ನಿಮಗೆ ಗೊತ್ತು. ಚಿಕ್ಕಮಗಳೂರಿನ ಚಿಕ್ಕಪ್ಪ ಎರಡನೇ ಮದುವೆಗೆ ಬರುವುದಿಲ್ಲವಂತೆ.

ನೀವು ಬರುತ್ತೀರಾ? ಆಧಾರ್ ಕಾರ್ಡ್ ತರಬೇಕು.

ಎಲ್ಲವೂ ಸರಿಹೋಗಿದೆ ಎಂದು ಬರೆಯುತ್ತಿಲ್ಲ. ಕೆಲವು ಸಲ ಆ ಗೃಹಪ್ರವೇಶ ನೆನಪಾಗಿ ಈಗಲೂ ಸಿಟ್ಟು ಬರುತ್ತದೆ. ಆದರೂ ಆ ದಿನ ನೀವು ಅಲ್ಲಿರಬೇಕು ಎಂದು ನನಗಿದೆ.

ಬರುವಾಗ ಬಿಳಿ ಜಾತಿಯ ಎರಡು ತುಂಡು ನಿಮಗಾಗಿ ತರುತ್ತೇನೆ. ಅದೇ ಕಂಬದ ಇನ್ನೊಂದು ಬದಿಗೆ ನೆಡಿ. ಅದು ಹೂ ಬಿಟ್ಟ ಮೇಲೆ ಪರಾಗಕ್ಕೆ ಬಸ್ಸು ಕಾಯಬೇಕಿಲ್ಲ. ಕಾಗದ ಬರೆಯಲು ಮಾತ್ರ ನಾವಿಬ್ಬರೂ ಬೇರೆ ನೆಪ ಹುಡುಕಬೇಕು.

ಗಗನಾ


ಗೋಣಿಬೀಡು
12 ಡಿಸೆಂಬರ್ 2024

ಚಿ. ಸೌ. ಗಗನಾಳಿಗೆ ಆಶೀರ್ವಾದಗಳು.

ನಿಮ್ಮ ಕಡೆ ಕಾಫಿ ಕೊಯ್ಲು ಶುರುವಾಗಿರಬೇಕು, ರುದ್ರೇಶ್‌ಗೆ ಇನ್ನು ಮನೆಗೆ ಬರಲು ಹೊತ್ತಾಗುತ್ತದೆ. ಅವನಿಗೂ ಶಂಕರಮ್ಮನವರಿಗೂ ನನ್ನ ನಮಸ್ಕಾರ ತಿಳಿಸು.

ತುಂಡುಗಳನ್ನು ನೀನು ಹೇಳಿದಂತೆ ನಾಲ್ಕು ದಿನ ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ನಾಳೆ ನೆಡುತ್ತೇನೆ.

ಮೋಹಿತನ ವಿಷಯ ನೀನು ಕೇಳಲಿಲ್ಲ, ಆದರೂ ತಿಳಿದಿರಲಿ. ಹೋದ ತಿಂಗಳು ಸೌಂದರ್ಯ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದಳು. ಔಷಧಿ ಶುರುವಾಗಿದೆ, ಆರು ತಿಂಗಳು ನೋಡೋಣ ಎಂದಿದ್ದಾರಂತೆ. ನಿನ್ನೆ ಅವನೇ ಫೋನ್ ಮಾಡಿದ. ಮೂರು ತಿಂಗಳಾದ ಮೇಲೆ. "ಮದುವೆಗೆ ಹೋಗಿದ್ಯಂತೆ" ಅಂದ. ಹೌದು ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ನಾನೂ ಫೋನ್ ಇಡಲಿಲ್ಲ. ಕೊನೆಗೆ, "ಊಟ ಆಯ್ತಾ?" ಅಂತ ಕೇಳಿದ.

ಅವತ್ತು ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆದ ಒಂದು ಸಂಗತಿ ನಿನಗೆ ಗೊತ್ತಿಲ್ಲ. ನೀವಿಬ್ಬರೂ ಒಳಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಿರಿ. ಹೊರಗೆ ಗುಮಾಸ್ತ ಸಾಕ್ಷಿಗಳ ಹೆಸರು ಬರೆದುಕೊಳ್ಳುತ್ತಿದ್ದ. ನನ್ನ ಆಧಾರ್ ನೋಡಿ ಹೆಸರು ಬರೆದ, ಊರು ಬರೆದ. ಆಮೇಲೆ ತಲೆಯೆತ್ತಿ, "ನೀವು ಏನಾಗಬೇಕು?" ಅಂತ ಕೇಳಿದ. ಏನೆಂದು ಹೇಳಲಿ? ಅವನು ಪೆನ್ನು ಹಿಡಿದು ಕಾಯುತ್ತಿದ್ದ. ಹಿಂದೆ ಇನ್ನೂ ಜನ ನಿಂತಿದ್ದರು.

ಬೆಂಚಿನ ಮೇಲೆ ಕೂತಿದ್ದ ಶಂಕರಮ್ಮನವರು ಹೂವಿನ ಚೀಲ ಪಕ್ಕಕ್ಕಿಟ್ಟು ಎದ್ದು ಬಂದರು. ನನ್ನ ಪಕ್ಕ ನಿಂತು ಅವನಿಗೆ ಹೇಳಿದರು, "ಅವರು ಹೆಣ್ಣಿನ ಕಡೆಯವರು. ಬರ್ಕೊಳ್ಳಪ್ಪ."

ಅವನು ಬರೆದುಕೊಂಡ. ನಾನು ಸಹಿ ಹಾಕಿದೆ.

ಇತಿ,
ಗಿರಿಜಾಂಬಾ